ದಂಡೆಯ ಹಕ್ಕು, ದಂಡೆಯ ಹೊಣೆ

ಬೀದರ ಸೀಮೆಯ ಜನ ನೀರನ್ನು ಕುರಿತು ಮಾತನಾಡುವಾಗ ಅದರ ಅಭಾವವನ್ನು ಕುರಿತೇ ಮಾತನಾಡುವುದು ವಾಡಿಕೆಯಾಗಿದೆ. ಕುಡಿಯಲು ನೀರು, ಬೆಳೆಗೆ ನೀರು, ದನಕರುಗಳಿಗೆ ನೀರು ಎಂಬ ಈ ಮೂರರ ಚಿಂತೆಯಲ್ಲಿಯೇ ವರ್ಷದ ಬಹುಭಾಗವನ್ನು ಕಳೆಯತಕ್ಕ ನಾಡಿನಲ್ಲಿ, ನೀರಿಗಿಳಿದು ಮೀಯುವ, ಈಜುವ, ಮಕ್ಕಳೊಡನೆ ದಂಡೆಯ ಮೇಲೆ ಒಂದು ಸಂಜೆಯನ್ನು ಕಳೆಯುವ ಸುಖವನ್ನು ಪ್ರಸ್ತಾಪಿಸಿದರೆ, ಅದು ಉಳ್ಳವರ ವಿಲಾಸಚಿಂತೆಯೆಂದು ಕೆಲವರಿಗೆ ತೋರಬಹುದು. ಆದರೆ ಚೈತ್ರ ವೈಶಾಖಗಳ ಉರಿಯಲ್ಲಿ ಭಾಲ್ಕಿಯ ಕಡೆಯ ಕಾರಂಜಾ ಹಿನ್ನೀರಿಗೂ, ಔರಾದಿನ ದಾರಿಯ ಮಾಂಜ್ರಾ ಹೊಳೆಗೂ, ಬೀದರ ನಗರದ ಸುತ್ತಣ ಕೆರೆಗಳಿಗೂ ಇಳಿಯತಕ್ಕವರು ಯಾರೆಂಬುದನ್ನು ಗಮನಿಸಿದವರಿಗೆ ಆ ಸಂದೇಹ ಉಳಿಯದು. ಶುಲ್ಕ ತೆತ್ತು ಈಜುಕೊಳವನ್ನು ಪ್ರವೇಶಿಸಲಾರದ ಮನೆಗಳ ಮಕ್ಕಳೇ ಅಲ್ಲಿಗೆ ಹೋಗುವವರು. ನೀರಿನಿಂದ ಜೀವಸಹಿತ ಹಿಂದಿರುಗದೆ ಹೋದ ದುರ್ದೈವಿಗಳಲ್ಲಿಯೂ ಅಂಥ ಮನೆಗಳ ಮಕ್ಕಳೇ ಹೆಚ್ಚು. ನಾಡಿನ ಜಲಾಶಯದ ದಂಡೆ ಸರ್ವರಿಗೂ ಉಚಿತವಾಗಿರಬೇಕು, ಅದು ಸುರಕ್ಷಿತವೂ ಆಗಿರಬೇಕು ಎಂಬ ಎರಡು ಮಾತುಗಳು ಒಂದೇ ನ್ಯಾಯದಿಂದ ಹುಟ್ಟಿದಂಥವು, ಒಂದನ್ನು ಕೈಬಿಟ್ಟು ಇನ್ನೊಂದನ್ನು ಸಾಧಿಸುವುದು ಅಸಾಧ್ಯ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಉಚಿತ ಜಲವೆಂಬ ಕಲ್ಪನೆ ಬೀದರಿಗೆ ಹೊಸದಲ್ಲ. ನಗರವು ನಿಂತಿರುವ ಪ್ರಸ್ಥಭೂಮಿಯ ಮೇಲ್ಪದರವು ಕೆಂಪು ಜಂಬಿಟ್ಟಿಗೆ ಕಲ್ಲು. ಅದರ ಕೆಳಗಿರುವುದು ಕರಿಯ ಬಸಾಲ್ಟ್ ಶಿಲೆ. ಮಳೆಯ ನೀರು ರಂಧ್ರಮಯವಾದ ಜಂಬಿಟ್ಟಿಗೆಯೊಳಗೆ ಇಂಗಿ, ಕೆಳಗಣ ಗಟ್ಟಿ ಶಿಲೆಯನ್ನು ಮುಟ್ಟಿ, ಮುಂದೆ ಇಳಿಯಲಾರದೆ ಪ್ರಸ್ಥಭೂಮಿಯ ಅಂಚುಗಳಲ್ಲಿ ಬುಗ್ಗೆಗಳಾಗಿ ಹೊರಹೊಮ್ಮುತ್ತದೆ. ನಾನಕ ಝೀರಾ, ಪಾಪನಾಶ, ಝರಣಿ ನರಸಿಂಹನ ಗುಹೆ—ಈ ಪುಣ್ಯಸ್ಥಾನಗಳ ಹಿಂದೆ ಇಂಥ ಭೂಗರ್ಭದ ನಿಯಮವಿದೆ. ಅದರ ಮುಂದೆ ಜನರ ಶ್ರದ್ಧೆಯಿದೆ. ಗುರು ನಾನಕರು ಹದಿನಾರನೆಯ ಶತಮಾನದ ಆದಿಯಲ್ಲಿ ಈ ಊರಿಗೆ ಬಂದು, ನೀರಿಲ್ಲದೆ ಬಳಲುತ್ತಿದ್ದ ಜನರ ಮೊರೆಗೆ ಕನಿಕರಿಸಿ, ಪಾದುಕೆಯಿಂದ ಕಲ್ಲನ್ನು ಸರಿಸಿದಾಗ ಸಿಹಿನೀರು ಚಿಮ್ಮಿತೆಂಬ ಐತಿಹ್ಯವನ್ನು ಇಂದಿಗೂ ಝೀರಾದಲ್ಲಿ ಹೇಳುತ್ತಾರೆ. ಅಲ್ಲಿಯ ನೀರನ್ನು ಕುಡಿಯುವವನ ಜಾತಿಯನ್ನಾಗಲಿ ಮತವನ್ನಾಗಲಿ ಯಾರೂ ಕೇಳರು, ಅದಕ್ಕೆ ಬೆಲೆಯನ್ನೂ ಬೇಡರು. ಹದಿನೈದನೆಯ ಶತಮಾನದಲ್ಲಿ ಬಹಮನಿ ಅರಸರು ರಾಜಧಾನಿಯನ್ನು ಕಲಬುರ್ಗಿಯಿಂದ ಇಲ್ಲಿಗೆ ತಂದ ಮೇಲೆ ಪಾರಸಿಕ ದೇಶದ ವಿದ್ಯೆಯನ್ನು ಅನುಸರಿಸಿ ತೋಡಿಸಿದ ನೌಬಾದಿನ ಕರೇಜ್, ಜನರ ಬಾಯಲ್ಲಿ ಸುರಂಗ ಬಾವಿ, ನೆಲದಡಿಯಲ್ಲಿ ಸುಮಾರು 3 ಕಿಲೋಮೀಟರಿನಷ್ಟು ಸಾಗಿ, ಇಳಿಜಾರಿನ ಶಕ್ತಿಯೊಂದರಿಂದಲೇ ನೀರನ್ನು ಹೊರಕ್ಕೆ ತರುತ್ತಿತ್ತು.

ಈ ಪ್ರಾಚೀನ ಜಲಸ್ಥಾನಗಳಲ್ಲಿ ನಾವು ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. ಅವು ಉಚಿತವಾಗಿದ್ದಂತೆಯೇ ಸುವ್ಯವಸ್ಥಿತವೂ ಆಗಿದ್ದವು. ಝರಣಿಯ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ಹೋಗಿ ಕೊನೆಯಲ್ಲಿರುವ ನರಸಿಂಹನ ದರ್ಶನವನ್ನು ಪಡೆಯುತ್ತಾರೆ. ಎಳೆಯ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಒಯ್ಯುತ್ತಾರೆ. ಈಜು ಬಾರದವನೂ ಅಲ್ಲಿಗೆ ಹೋಗಿಬರುವುದು ಹೇಗೆ ಸಾಧ್ಯವಾಯಿತು? ಅಲ್ಲಿಯ ತಳವು ಗಟ್ಟಿ ಕಲ್ಲಿನದು, ನೀರಿನ ಆಳವು ಎಲ್ಲರಿಗೂ ತಿಳಿದಿರತಕ್ಕದ್ದು, ದಾರಿಯು ಒಂದೇ, ಮುಂದೆ ಒಬ್ಬ ಹಿಂದೆ ಒಬ್ಬ ಇರುತ್ತಾರೆ, ನೀರು ಏರಿದಾಗಲೂ, ಒಳಗಿನ ಗಾಳಿ ಸಾಲದಾದಾಗಲೂ ಪ್ರವೇಶವನ್ನು ತಡೆಯತಕ್ಕ ಒಂದು ಅಧಿಕಾರವೂ ಅಲ್ಲಿದೆ. ತಿಳಿದ ತಳ, ಅಳೆದ ಆಳ, ಗುರುತಿಸಿದ ಎಲ್ಲೆ, ಕಾಯುವ ಕಣ್ಣು—ಜಲಸುರಕ್ಷೆಯ ಶಾಸ್ತ್ರವೆಲ್ಲ ಈ ನಾಲ್ಕು ಮಾತುಗಳಲ್ಲಿ ಅಡಕವಾಗಿದೆ. ಪುಷ್ಕರಿಣಿಗಳ ಸೋಪಾನಗಳನ್ನು ಕಟ್ಟಿದ ಶಿಲ್ಪಿಯೂ ಇದನ್ನೇ ಬಲ್ಲವನಾಗಿದ್ದನು. ಪ್ರತಿಯೊಂದು ಮೆಟ್ಟಿಲೂ ಇಳಿಯುವವನಿಗೆ ಆಳವನ್ನು ತಿಳಿಸುವ ಮಾಪನವೇ ಆಗಿತ್ತು.

ಈಚಿನ ಕಾಲದಲ್ಲಿ ನಾವು ಕಟ್ಟಿಕೊಂಡ ಜಲರಾಶಿಗಳ ಸ್ಥಿತಿ ಬೇರೆ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಮಾಂಜ್ರೆಯ ಉಪನದಿಯಾದ ಕಾರಂಜೆಗೆ ಅಡ್ಡಲಾಗಿ ನಿಂತ ಜಲಾಶಯವು 7.69 ಟಿಎಂಸಿ ನೀರನ್ನು ಹಿಡಿಯಬಲ್ಲುದು. ಬೀಡ ಜಿಲ್ಲೆಯ ಬಾಲಾಘಾಟ ಬೆಟ್ಟಗಳಲ್ಲಿ ಹುಟ್ಟಿ, ಲಾತೂರನ್ನು ಹಾದು, ಭಾಲ್ಕಿ ಔರಾದ ಬೀದರಗಳ ನೆಲವನ್ನು ತೊಯ್ದು, ತೆಲಂಗಾಣವನ್ನು ಸೇರಿ, ಕಡೆಗೆ ಗೋದಾವರಿಯಲ್ಲಿ ಲೀನವಾಗುವ ಮಾಂಜ್ರಾ ನದಿಯ ಮೇಲೆ ಕೌಠಾ ಮುಂತಾದೆಡೆಗಳಲ್ಲಿ ಸೇತುವೆಯೊಡಗೂಡಿದ ಬ್ಯಾರೇಜುಗಳಿವೆ. ಹೊಲಹೊಲಗಳಲ್ಲಿ ಕೃಷಿ ಹೊಂಡಗಳಿವೆ. ಇವೆಲ್ಲ ಬೆಳೆಗಾಗಿ, ಕುಡಿಯುವ ನೀರಿಗಾಗಿ ನಿರ್ಮಿತವಾದವು. ಮನುಷ್ಯನು ಇವುಗಳೊಳಗೆ ಇಳಿಯುವನೆಂಬ ಎಣಿಕೆಯನ್ನು ಇವುಗಳ ನಿರ್ಮಾಪಕರು ಮಾಡಲಿಲ್ಲ. ಆದರೆ ಮನುಷ್ಯನು ಇಳಿದೇ ಇಳಿಯುತ್ತಾನೆ. ಬೇಸಿಗೆಯಲ್ಲಿ ವಿಸ್ತಾರವಾದ ನೀರನ್ನು ಕಂಡು ಅದರತ್ತ ಧಾವಿಸುವುದು ಬಾಲ್ಯದ ಸಹಜಧರ್ಮ; ಆ ಧರ್ಮವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯೋಜನೆಯು ಎಷ್ಟೇ ಲೋಕೋಪಕಾರಿಯಾಗಿದ್ದರೂ ಅಪೂರ್ಣವಾದದ್ದು.

ಈ ನೀರುಗಳ ಅಪಾಯ ಮೇಲ್ನೋಟಕ್ಕೆ ಕಾಣತಕ್ಕದ್ದಲ್ಲ. ಬೀದರ ನಗರದ ಸುತ್ತಲಿನ ಕೆಂಪು ನೆಲವು ಕಾಲಿಗೆ ಗಟ್ಟಿಯಾಗಿ ಸಿಕ್ಕರೆ, ಭಾಲ್ಕಿ ಔರಾದಗಳ ಎರೆಮಣ್ಣು ನೀರುಂಡು ಆಳವಾದ ಅಂಟುಕೆಸರಾಗಿ ಪರಿಣಮಿಸುತ್ತದೆ; ಅದರಲ್ಲಿ ಮೊಣಕಾಲಿನವರೆಗೆ ಹೂತ ಕಾಲನ್ನು ಕಿತ್ತುಕೊಳ್ಳಲು ಹವಣಿಸಿದಷ್ಟೂ ಮನುಷ್ಯನು ಬಳಲುತ್ತಾನೆ. ಜಲಾಶಯದ ತಳವು ಒಂದು ಕಾಲಕ್ಕೆ ಹೊಲವಾಗಿದ್ದ ನೆಲ. ಅಲ್ಲಿ ಮುಳುಗಿದ ಬಾವಿಗಳು, ಹಳ್ಳದ ಕೊರಕಲುಗಳು, ಬೇಲಿಯ ತಂತಿಗಳು ಇರುವುದುಂಟು. ಸೊಂಟದ ನೀರಿನಲ್ಲಿ ನಿಂತವನ ಮುಂದಿನ ಹೆಜ್ಜೆಯೇ ಎರಡಾಳು ಆಳಕ್ಕೆ ಬೀಳಬಹುದು. ಹೊಳೆಯ ಪಾತ್ರದಲ್ಲಿ ಮರಳೆತ್ತಿದ ಗುಂಡಿಗಳು ಹೊಸ ನೀರಿನಡಿಯಲ್ಲಿ ಅಡಗಿರುತ್ತವೆ. ಬ್ಯಾರೇಜಿನ ಗೇಟುಗಳ ಕೆಳಗೆ ಧುಮುಕುವ ನೀರು ತನ್ನಲ್ಲಿಯೇ ಸುತ್ತಿ ಸುಳಿಯುವುದರಿಂದ ಅದಕ್ಕೆ ಸಿಕ್ಕಿದವನು, ಈಜು ಬಲ್ಲವನಾದರೂ, ಹೊರಬರುವುದು ದುಷ್ಕರ. ಕೃಷಿ ಹೊಂಡದ ಒಳಗೋಡೆಗೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಪಾಚಿ ಬೆಳೆದ ಮೇಲಂತೂ ಹಿಡಿದು ಮೇಲೇರಲು ಒಂದು ಆಧಾರವೂ ದೊರೆಯದು. ಅದರಲ್ಲಿ ಬಿದ್ದ ಮಗುವು ದಂಡೆಯಿಂದ ಎರಡು ಮೊಳದ ದೂರದಲ್ಲಿಯೇ ಮುಳುಗಬಹುದು.

ಇವೆಲ್ಲಕ್ಕೂ ಮಿಗಿಲಾದ ಅಪಾಯವೊಂದಿದೆ. ಅದು ಈ ಪ್ರಾಂತದ ಶುಷ್ಕತೆಯಿಂದಲೇ ಜನಿಸಿದ್ದು. 2016ರ ಬರಗಾಲದಲ್ಲಿ ಮಾಂಜ್ರಾ ಕಣಿವೆ ಎಷ್ಟು ಬತ್ತಿಹೋಗಿತ್ತೆಂದರೆ, ನೆರೆಯ ಲಾತೂರಿಗೆ ಮೀರಜಿನಿಂದ ರೈಲುಬಂಡಿಯಲ್ಲಿ ಕುಡಿಯುವ ನೀರನ್ನು ತರಬೇಕಾಯಿತು. ವರ್ಷಾನುವರ್ಷ ನೀರೇ ಕಾಣದ ಊರಿನಲ್ಲಿ ಮಗುವು ಈಜನ್ನು ಕಲಿಯುವುದು ಎಲ್ಲಿ? ಹಿಂದೆ ತಂದೆಯೋ ಸೋದರಮಾವನೋ ಸೊಂಟಕ್ಕೆ ಹಗ್ಗ ಕಟ್ಟಿ, ಬೆನ್ನಿಗೆ ಬೆಂಡನ್ನೋ ಸೋರೆಬುರುಡೆಯನ್ನೋ ಬಿಗಿದು, ತೋಟದ ಬಾವಿಗೆ ಇಳಿಸಿ ಕಲಿಸುತ್ತಿದ್ದ ವಿದ್ಯೆ, ಮೆಟ್ಟಿಲ ಬಾವಿಗಳು ಬತ್ತಿ ಕೊಳವೆಬಾವಿಗಳು ಬಂದೊಡನೆ ಕಳೆದುಹೋಯಿತು. ಹೀಗೆ ಈಜಲರಿಯದೆ ಬೆಳೆದ ಒಂದು ಪೀಳಿಗೆಯ ಮುಂದೆ, ಒಳ್ಳೆಯ ಮಳೆಯಾದ ವರ್ಷ, ಜಲಾಶಯವು ಥಟ್ಟನೆ ತುಂಬಿ ನಿಲ್ಲುತ್ತದೆ. ನೀರಿನ ಅಭಾವವು ಅಜ್ಞಾನವನ್ನು ಬೆಳೆಸಿ, ನೀರಿನ ಸಮೃದ್ಧಿಯು ಆ ಅಜ್ಞಾನಕ್ಕೆ ದಂಡವನ್ನು ವಿಧಿಸುವ ಈ ಕ್ರೂರ ವಿಪರ್ಯಾಸವನ್ನು ವಿಧಿಯೆಂದು ಕರೆದು ಸುಮ್ಮನಾಗುವುದು ವಿವೇಕವಲ್ಲ.

ಜಗತ್ತು ಇದನ್ನು ವಿಧಿಯೆಂದು ಭಾವಿಸುವುದನ್ನು ಬಿಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ಗಣನೆಯಂತೆ 2021ರಲ್ಲಿ ಲೋಕದಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಪ್ರಾಣ ನೀಗಿದರು. ಅವರಲ್ಲಿ ಬಹುಪಾಲಿನವರು ಬಡ ಹಾಗೂ ಮಧ್ಯಮ ಆದಾಯದ ದೇಶಗಳವರು. ಆ ವರ್ಷದ ಏಪ್ರಿಲಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಈ ವಿಷಯವಾಗಿ ನಿರ್ಣಯವನ್ನು ಅಂಗೀಕರಿಸಿ, ಜುಲೈ 25ನ್ನು ಮುಳುಗುಸಾವಿನ ತಡೆಗೆ ಮೀಸಲಾದ ದಿನವೆಂದು ಘೋಷಿಸಿತು. ನಮ್ಮ ದೇಶದಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಕಾರ್ಯಾಲಯದ ಲೆಕ್ಕಕ್ಕೆ ಸಿಕ್ಕ ಮುಳುಗುಸಾವುಗಳೇ 2022ರಲ್ಲಿ 38 ಸಾವಿರವನ್ನು ಮೀರಿದವು. ಶಾಲೆಯ ಮಕ್ಕಳಿಗೆ ಈಜಿನ ಪ್ರಾಥಮಿಕ ಪಾಠ, ದಂಡೆಯಲ್ಲಿರುವ ಸಾಮಾನ್ಯರಿಗೆ ರಕ್ಷಣಾವಿಧಾನದ ಶಿಕ್ಷಣ, ಅಪಾಯಸ್ಥಳಗಳಿಗೆ ತಡೆ—ಇವು ಆರೋಗ್ಯ ಸಂಸ್ಥೆ ಸೂಚಿಸಿರುವ ಮುಖ್ಯೋಪಾಯಗಳು. ಇವುಗಳಲ್ಲಿ ಯಾವುದಕ್ಕೂ ಅಪಾರ ಧನವಾಗಲಿ ದುರ್ಲಭವಾದ ಯಂತ್ರವಾಗಲಿ ಬೇಕಿಲ್ಲ.

ಆದರೂ ಒಂದು ಅನಾಹುತ ನಡೆದೊಡನೆ ನಮ್ಮ ಆಡಳಿತಕ್ಕೆ ಹೊಳೆಯುವ ಪರಿಹಾರವೆಂದರೆ ನಿಷೇಧದ ಫಲಕ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಅಸುನೀಗಿದಾಗ, ಆ ದಂಡೆಯ ಪ್ರವೇಶವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಆಪತ್ಕಾಲದಲ್ಲಿ ಅಂಥ ಕ್ರಮ ಯುಕ್ತವೇ ಸರಿ. ಆದರೆ ಅದನ್ನೇ ಶಾಶ್ವತ ನೀತಿಯಾಗಿ ಮಾಡಿಕೊಂಡರೆ ಆಗುವುದೇನು? ಫಲಕವು ಓದುವವನನ್ನು ಎಚ್ಚರಿಸಬಲ್ಲುದೇ ಹೊರತು ಮುಳುಗುವವನನ್ನು ಎತ್ತಲಾರದು. ಕಾರಂಜೆಯ ದಂಡೆ ಹತ್ತಾರು ಹಳ್ಳಿಗಳ ಹೊಲಗಳ ಅಂಚಿನಲ್ಲಿ ಹಬ್ಬಿರತಕ್ಕದ್ದು. ಒಂದು ಕಡೆ ಅಡ್ಡಗಟ್ಟಿದರೆ ಹುಡುಗರು ಜನರ ಕಣ್ಣಿಗೆ ಬೀಳದ ಇನ್ನೊಂದು ಕಡೆಯಿಂದ ಇಳಿಯುತ್ತಾರೆ, ಮತ್ತು ಕಣ್ಣಿಗೆ ಬೀಳದ ಆ ಸ್ಥಳವೇ ಸಹಾಯಕ್ಕೂ ದೂರವಾದದ್ದು. ನಿಷೇಧವು ಹೀಗೆ ಅಪಾಯವನ್ನು ನೀಗದೆ ಅದನ್ನು ಮರೆಗೆ ತಳ್ಳುತ್ತದೆ.

ಶುಲ್ಕದ ಮಾರ್ಗವೂ ಇದಕ್ಕಿಂತ ಉತ್ತಮವಲ್ಲ. ದಂಡೆಯನ್ನು ಗುತ್ತಿಗೆಗೆ ಕೊಟ್ಟು, ಆವರಣ ಕಟ್ಟಿಸಿ, ಟಿಕೆಟ್ ಇಟ್ಟರೆ ಸುರಕ್ಷೆಯ ವೆಚ್ಚವು ತಾನಾಗಿಯೇ ಹುಟ್ಟುತ್ತದೆಂಬ ವಾದವು ಕೇಳಲು ಸಮಂಜಸವಾಗಿದೆ. ಆದರೆ ನಾಲ್ವರು ಮಕ್ಕಳಿರುವ ಕೂಲಿಯವನ ಸಂಸಾರಕ್ಕೆ ಅಲ್ಪ ಶುಲ್ಕವೂ ಅಲ್ಪವಲ್ಲ. ಟಿಕೆಟ್ ಕೊಂಡವನಿಗೆ ಜೀವರಕ್ಷಕನ ಕಾವಲು, ಕೊಳ್ಳಲಾರದವನಿಗೆ ಕಲ್ಲು ತೆಗೆದ ಗುಂಡಿಯ ನೀರು ಎಂಬ ವಿಭಾಗವು ಏರ್ಪಟ್ಟರೆ, ಮುಳುಗುವ ಅಪಾಯವು ಬಡವನ ಪಾಲಿಗೆ ಮಾತ್ರ ಉಳಿಯುತ್ತದೆ. ಹಣ ಕೊಟ್ಟವರಿಗೆ ಮಾತ್ರ ದೊರೆಯುವ ಸುರಕ್ಷೆಯು ಸಾರ್ವಜನಿಕ ಸುರಕ್ಷೆಯೆನಿಸದು. ಹಾಗೆಯೇ ಸಾವಿನ ಭಯದೊಡನೆ ದೊರೆಯುವ ಉಚಿತ ಪ್ರವೇಶವು ಸ್ವಾತಂತ್ರ್ಯವೆನಿಸದು. ಉಚಿತತ್ವವೂ ಸುರಕ್ಷೆಯೂ ಪರಸ್ಪರಾಶ್ರಿತವೆಂದು ಮೊದಲಲ್ಲಿ ಹೇಳಿದ್ದು ಈ ಕಾರಣದಿಂದಲೇ.

ದಂಡೆಯು ಸರ್ವರದೆಂಬ ಮಾತಿಗೆ ಧರ್ಮದ ಬೆಂಬಲ ಮಾತ್ರವಲ್ಲ, ಕಾನೂನಿನ ಬೆಂಬಲವೂ ಉಂಟು. ಬಿಯಾಸ್ ನದಿಯ ಪಾತ್ರವನ್ನು ಒತ್ತರಿಸಿ ತಿರುಗಿಸಿದ ಹೋಟೆಲೊಂದರ ಪ್ರಕರಣದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರಿನಲ್ಲಿ ತೀರ್ಪನ್ನು ನೀಡಿ, ನದಿ, ಕಡಲ ತೀರ, ಅರಣ್ಯ ಮೊದಲಾದವುಗಳಿಗೆ ಸರಕಾರವು ಒಡೆಯನಲ್ಲ, ಜನತೆಯ ಪರವಾಗಿ ಅವುಗಳನ್ನು ಕಾಯುವ ನ್ಯಾಸಧಾರಿ ಎಂಬ ತತ್ತ್ವವನ್ನು ಸ್ಥಾಪಿಸಿತು. ನ್ಯಾಸಧಾರಿಯ ಕರ್ತವ್ಯ ಎರಡು ಬಗೆಯದು: ವಸ್ತುವನ್ನು ಪರಾಧೀನವಾಗದಂತೆ ಕಾಯುವುದು ಒಂದು, ಯಾರ ಸಲುವಾಗಿ ಕಾಯುತ್ತಾನೋ ಅವರು ಅದನ್ನು ನಿರ್ಭಯವಾಗಿ ಅನುಭವಿಸುವಂತೆ ಮಾಡುವುದು ಇನ್ನೊಂದು. ಇದೇ ಬಿಯಾಸ್ ನದಿಯಲ್ಲಿ 2014ರ ಜೂನ್ 8ರಂದು, ಮೇಲಿನ ಲಾರ್ಜಿ ಅಣೆಕಟ್ಟಿನಿಂದ ಏಕಾಏಕಿ ಹೊರಬಿಟ್ಟ ನೀರು ಹೈದರಾಬಾದಿನಿಂದ ಪ್ರವಾಸ ಬಂದಿದ್ದ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೊಚ್ಚಿಕೊಂಡು ಹೋಯಿತು. ಕೌಠಾದ ಸೇತುವೆಯ ಕೆಳಗೆ ನಿಂತು ನೀರಾಟವಾಡುವ ಔರಾದಿನ ಹುಡುಗನಿಗೂ ಆ ದುರಂತ ಅನ್ವಯಿಸುತ್ತದೆ. ಗೇಟು ತೆರೆಯುವ ಮುನ್ನ ಸೈರನ್ ಕೂಗಿಸುವುದು, ಹಳ್ಳಿಗಳಲ್ಲಿ ಡಂಗುರ ಸಾರಿಸುವುದು, ದಂಡೆಯನ್ನು ತೆರವು ಮಾಡಿಸುವುದು ನ್ಯಾಸಧಾರಿಯು ಸಲ್ಲಿಸಲೇಬೇಕಾದ ಋಣ.

ಕಾಗದದ ಮೇಲಿನ ಹಕ್ಕು ದಂಡೆಯ ಮೇಲಿನ ಹಕ್ಕಾಗಿ ಪರಿಣಮಿಸಲು ಏನು ಬೇಕೆಂಬುದನ್ನು ನಮ್ಮ ದೇಶಕ್ಕೆ ಕಲಿಸಿದ್ದು ಮಹಾಡದ ಸತ್ಯಾಗ್ರಹ. ಅಲ್ಲಿಯ ಚವದಾರ ಕೆರೆ ಎಲ್ಲರಿಗೂ ಮುಕ್ತವೆಂದು ಪುರಸಭೆಯು ನಿರ್ಣಯ ಮಾಡಿದ್ದರೂ, 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ಹೋಗಿ ನೀರನ್ನು ಮುಟ್ಟುವವರೆಗೆ ಆ ನಿರ್ಣಯ ನಿರ್ಜೀವವಾಗಿತ್ತು. ಮುಕ್ತವೆಂದು ಬರೆಯುವುದರಿಂದ ನೀರು ಮುಕ್ತವಾಗುವುದಿಲ್ಲ. ಅದರ ಬಳಿಗೆ ಹೋಗಲು ಅಡ್ಡಿಯಾದದ್ದನ್ನು ತೆಗೆಯಬೇಕು. ಅಂದಿನ ಅಡ್ಡಿ ಜಾತಿಯ ಕ್ರೌರ್ಯ; ಇಂದು ಅದರ ಜೊತೆಗೆ ಅವ್ಯವಸ್ಥೆ, ಭಯ, ಸ್ತ್ರೀಯರಿಗಿರುವ ಸಂಕೋಚ ಮುಂತಾದವು ಸೇರಿಕೊಂಡಿವೆ. ಅರ್ಧದಷ್ಟು ಜನರು ದಡದಲ್ಲಿ ಸಾಮಾನು ಕಾಯುತ್ತ ಕೂರಬೇಕಾದ ದಂಡೆಯನ್ನು ಸಾರ್ವಜನಿಕವೆಂದು ಕರೆಯುವುದು ಹೇಗೆ? ಉಡುಪು ಬದಲಿಸಲು ಮರೆಯಾದ ಕೋಣೆ, ಶೌಚಾಲಯ, ಸ್ತ್ರೀಯರಿಗೂ ಬಾಲಕಿಯರಿಗೂ ಮೀಸಲಾದ ವೇಳೆ, ಈಜು ಕಲಿಸಬಲ್ಲ ಶಿಕ್ಷಕಿ ಇಷ್ಟಾದರೂ ಇರಬೇಕು.

ಇನ್ನು ಆಕ್ಷೇಪಗಳು. ಕಾರಂಜೆಯ ನೀರನ್ನು ಬೀದರ, ಭಾಲ್ಕಿ ಮೊದಲಾದ ಊರುಗಳು ಕುಡಿಯುತ್ತವೆ, ಅದರಲ್ಲಿ ಜನ ಮೀಯುವುದು ಸರಿಯೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಗಂಭೀರವಾದದ್ದು, ಅದಕ್ಕೆ ಉತ್ತರ ವಿಭಾಗದಲ್ಲಿದೆ. ನೀರನ್ನೆತ್ತುವ ಜಾಕ್‌ವೆಲ್ಲಿನ ಸುತ್ತಮುತ್ತ ಮನುಷ್ಯಸಂಚಾರವನ್ನೇ ನಿಷೇಧಿಸಿ, ಅದಕ್ಕೆ ದೂರವಾದ ಒಂದೇ ಒಂದು ಸ್ಥಳವನ್ನು ಗೊತ್ತುಮಾಡಿ, ಅಲ್ಲಿ ಸಾಬೂನು, ಬಟ್ಟೆ ಒಗೆಯುವುದು, ವಾಹನ ತೊಳೆಯುವುದು, ಪ್ಲಾಸ್ಟಿಕ್ ಎಸೆಯುವುದು ಕೂಡದೆಂದು ಕಟ್ಟುನಿಟ್ಟು ಮಾಡುವುದಾದರೆ, ಇಂದು ಎಲ್ಲೆಂದರಲ್ಲಿ ಆಗುತ್ತಿರುವ ಮಾಲಿನ್ಯಕ್ಕಿಂತ ಅದು ಕಡಮೆಯೇ ಆಗುವುದು. ವೆಚ್ಚವೆಲ್ಲಿಂದ ಎಂಬುದು ಎರಡನೆಯ ಆಕ್ಷೇಪ. ಕರ್ನಾಟಕದ ಕಾಸರಕೋಡು ಮತ್ತು ಪಡುಬಿದ್ರಿಯ ಕಡಲದಂಡೆಗಳು 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆಯನ್ನು ಪಡೆದವು. ಈಜುವ ಎಲ್ಲೆಯನ್ನು ಗುರುತಿಸುವುದು, ಜೀವರಕ್ಷಕರನ್ನಿಡುವುದು, ನೀರನ್ನು ಕಾಲಕಾಲಕ್ಕೆ ಪರೀಕ್ಷಿಸುವುದು ಅದರ ನಿಯಮಗಳು. ಆ ಮನ್ನಣೆ ಸಿಹಿನೀರಿನ ದಂಡೆಗಳಿಗೂ ಲಭ್ಯವಿರತಕ್ಕದ್ದು. ಸ್ವಿಟ್ಜರ್‌ಲೆಂಡಿನ ರಾಜಧಾನಿ ಬರ್ನಿನಲ್ಲಿ ಆರೆ ನದಿಯ ಪಕ್ಕದ ಮಾರ್ಝಿಲಿ ಎಂಬ ಸ್ನಾನಸ್ಥಾನಕ್ಕೆ ಪ್ರವೇಶ ಉಚಿತ. ಅಮೆರಿಕದ ಹಲವು ರಾಜ್ಯೋದ್ಯಾನಗಳ ಕೆರೆದಂಡೆಗಳಲ್ಲಿ ತೇಲುಬೆಂಡುಗಳ ಸಾಲೊಂದೇ ಸುರಕ್ಷಿತ ಎಲ್ಲೆಯನ್ನು ಸೂಚಿಸುತ್ತದೆ. ಕರಾವಳಿಗೂ ಹೊರದೇಶಕ್ಕೂ ಸಾಧ್ಯವಾದದ್ದು, 371(ಜೆ) ವಿಧಿಯ ಆಶಯದಂತೆ ತನ್ನದೇ ಆದ ಪ್ರದೇಶಾಭಿವೃದ್ಧಿ ಮಂಡಳಿಯನ್ನು ಪಡೆದ ಕಲ್ಯಾಣ ಕರ್ನಾಟಕಕ್ಕೆ ಅಸಾಧ್ಯವೆನ್ನುವುದು ತಕ್ಕ ಮಾತಲ್ಲ.

ಬೇಕಾದ ಸಲಕರಣೆಗಳಾದರೂ ಎಷ್ಟು? ಬೇಸಿಗೆಯಲ್ಲಿ ನೀರಿಳಿದಾಗ ತಳವನ್ನು ಪರಿಶೀಲಿಸಿ, ಗುಂಡಿಗಳನ್ನು ಮುಚ್ಚಿಸಿ, ಎರೆಕೆಸರಿನ ಮೇಲೆ ಮೊರಂ ಮತ್ತು ಮರಳನ್ನು ಹಾಸಿ ಮಾಡಿದ ಒಂದು ಇಳಿಜಾರು, ಎದೆಮಟ್ಟದ ಆಳದಲ್ಲಿ ಎಳೆದ ಹಗ್ಗ ಮತ್ತು ತೇಲುಬೆಂಡು, ನೀರಿನ ಮಟ್ಟ ಏರಿಳಿದಂತೆ ಸ್ಥಳಾಂತರಿಸಬಹುದಾದ ಆಳಸೂಚಕ ಕಂಬಗಳು, ಕಂಬಕಂಬಕ್ಕೆ ತೂಗುಹಾಕಿದ ಟ್ಯೂಬು, ಒಂದು ಹರಿಗೋಲು, ಮತ್ತು ತರಬೇತಿ ಪಡೆದ ನಾಲ್ಕಾರು ಜನ. ಆ ಜನರನ್ನು ದೂರದಿಂದ ಕರೆತರಬೇಕಿಲ್ಲ. ಜಲಾಶಯದ ಮೀನುಗಾರರಿಗಿಂತ ಅದರ ತಳವನ್ನು ಬಲ್ಲವರಿಲ್ಲ. ಮುಳುಗಡೆಯಲ್ಲಿ ಹೊಲಮನೆಗಳನ್ನು ಕಳೆದುಕೊಂಡು ತಕ್ಕ ಪರಿಹಾರಕ್ಕಾಗಿ ದೀರ್ಘಕಾಲದಿಂದ ಹೋರಾಡುತ್ತಿರುವ ಕಾರಂಜಾ ಸಂತ್ರಸ್ತರ ಮಕ್ಕಳಿಗಿಂತ ಆ ದಂಡೆಯ ಉದ್ಯೋಗಕ್ಕೆ ಹೆಚ್ಚು ಅರ್ಹರೂ ಇಲ್ಲ.

ಸರಕಾರದ ಹೊಣೆಯನ್ನು ಇಷ್ಟು ಹೇಳಿದ ಮೇಲೆ ನೀರಿಗಿಳಿಯುವವನ ಹೊಣೆಯನ್ನು ಹೇಳದಿದ್ದರೆ ವಾದವು ಏಕಪಕ್ಷೀಯವಾದೀತು. ಮದ್ಯ ಸೇವಿಸಿದವನು ನೀರಿಗಿಳಿಯಕೂಡದು; ತಳವರಿಯದೆಡೆ ತಲೆಕೆಳಗಾಗಿ ಧುಮುಕಕೂಡದು; ಮೇಲ್ಕಣಿವೆಯಲ್ಲಿ ಮಳೆಯಾದಾಗ ಹೊಳೆಗೆ ಹೋಗಕೂಡದು; ಪ್ರತಿಯೊಂದು ಎಳೆಯ ಮಗುವಿನ ಪಕ್ಕದಲ್ಲಿ, ಕೈಚಾಚಿದರೆ ಸಿಗುವಷ್ಟು ಸಮೀಪದಲ್ಲಿ, ಮೊಬೈಲನ್ನು ಕೆಳಗಿಟ್ಟ ಒಬ್ಬ ಹಿರಿಯರಿರಬೇಕು. ಏಕೆಂದರೆ ಮುಳುಗುವವನು ಕೂಗಿ ಕರೆಯುವನೆಂಬ ನಮ್ಮ ನಂಬಿಕೆ ಸುಳ್ಳು. ಉಸಿರಿಗಾಗಿ ಹೆಣಗುವವನಿಗೆ ಕೂಗಲು ಉಸಿರೇ ಇರದು. ಅವನು ಕ್ಷಣಮಾತ್ರದಲ್ಲಿ ನಿಶ್ಶಬ್ದವಾಗಿ ಕೆಳಗಿಳಿಯುತ್ತಾನೆ. ಅವನನ್ನು ಉಳಿಸಲು ಈಜು ಬಾರದ ಅಣ್ಣನೂ, ಅಣ್ಣನನ್ನು ಉಳಿಸಲು ತಂದೆಯೂ ಹಾರಿ, ಒಂದೇ ಮನೆಯ ಮೂವರು ಹೋದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ದಂಡೆಯಿಂದಲೇ ಹಗ್ಗವನ್ನಾಗಲಿ, ಬಿಚ್ಚಿದ ಸೀರೆಯನ್ನಾಗಲಿ, ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನನ್ನಾಗಲಿ ಎಸೆಯುವುದು ಅದಕ್ಕಿಂತ ಶ್ರೇಷ್ಠವಾದ ಸಾಹಸ.

ಮೇಲೆತ್ತಿದ ಬಳಿಕ ಮಾಡಬೇಕಾದುದೂ ಹೀಗೆಯೇ ಸರ್ವರಿಗೂ ತಿಳಿದಿರಬೇಕಾದ ವಿದ್ಯೆ. ಹೊಟ್ಟೆಯನ್ನು ಒತ್ತುವುದು, ತಲೆಕೆಳಗಾಗಿ ಹಿಡಿದು ತಿರುಗಿಸುವುದು ಅನರ್ಥಕಾರಿ. ಉಸಿರು ನಿಂತಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರೂದಿ, ಬಳಿಕ ಎದೆಯ ನಡುವೆ ಬಲವಾಗಿಯೂ ಕ್ರಮಬದ್ಧವಾಗಿಯೂ ಒತ್ತುತ್ತ, 30 ಒತ್ತುಗಳಿಗೊಮ್ಮೆ ಎರಡು ಉಸಿರುಗಳನ್ನು ಕೊಡುತ್ತ, 108ಕ್ಕೋ 112ಕ್ಕೋ ಕರೆಮಾಡಿಸಬೇಕು. ಈ ಸರಳ ಜ್ಞಾನ ಊರಿಗೆ ತಲುಪದಿದ್ದರೆ ಆ ಶೂನ್ಯವನ್ನು ಮಿಥ್ಯೆಯು ತುಂಬುತ್ತದೆ. 2022ರಲ್ಲಿ ಬಳ್ಳಾರಿಯ ಕಡೆಯ ಹಳ್ಳಿಯೊಂದರಲ್ಲಿ, ಮುಳುಗಿ ಸತ್ತ ಬಾಲಕನ ದೇಹವನ್ನು ಉಪ್ಪಿನ ರಾಶಿಯಲ್ಲಿ ಮುಚ್ಚಿಟ್ಟರೆ ಜೀವ ಮರಳುವುದೆಂಬ ಸಾಮಾಜಿಕ ಜಾಲತಾಣದ ಮಾತನ್ನು ನಂಬಿ, ಶೋಕತಪ್ತರಾದ ಹೆತ್ತವರು ಗಂಟೆಗಟ್ಟಲೆ ಕಾದು ಕುಳಿತರು. ಆ ದಂಪತಿಗಳನ್ನು ಮೂಢರೆಂದು ನಿಂದಿಸುವ ಅಧಿಕಾರ ಯಾರಿಗೂ ಇಲ್ಲ; ಅವರಿಗೆ ಸಕಾಲದಲ್ಲಿ ಸತ್ಯವನ್ನು ತಲುಪಿಸದ ಸಮಾಜವೇ ಅದಕ್ಕೆ ಉತ್ತರ ಹೇಳತಕ್ಕದ್ದು.

ಆದುದರಿಂದ ಬೀದರಿನಲ್ಲಿ ಒಂದು, ಭಾಲ್ಕಿಯಲ್ಲಿ ಒಂದು, ಔರಾದಿನಲ್ಲಿ ಒಂದು ಎಂದು ಮೂರು ಸ್ಥಳಗಳನ್ನು ಆರಿಸಿ, ಅಳೆದು, ಎಲ್ಲೆ ಕಟ್ಟಿ, ಕಾವಲಿಟ್ಟು, ಶುಲ್ಕವಿಲ್ಲದೆ ಜನರಿಗೆ ಒಪ್ಪಿಸುವ ಕಾರ್ಯವನ್ನು ಜಿಲ್ಲಾಡಳಿತವೂ ನೀರಾವರಿ ಇಲಾಖೆಯೂ ಒಡಗೂಡಿ ಕೈಗೊಳ್ಳಲಿ. ಆ ಮೂರು ದಂಡೆಗಳಲ್ಲಿಯೇ ಸುತ್ತಲಿನ ಸರಕಾರಿ ಶಾಲೆಗಳ ಮಕ್ಕಳಿಗೆ, ಹುಡುಗರಷ್ಟೇ ಹುಡುಗಿಯರಿಗೂ, ಬೇಸಿಗೆಯ ರಜೆಯಲ್ಲಿ ಈಜನ್ನು ಕಲಿಸಲಿ. ಎಲ್ಲ ನೀರನ್ನೂ ಕಾಯುವುದು ಯಾವ ಸರಕಾರಕ್ಕೂ ಅಸಾಧ್ಯ. ಆದರೆ ಮೂರು ಒಳ್ಳೆಯ ದಂಡೆಗಳಿದ್ದರೆ ಉಳಿದೆಡೆಗೆ ಹೋಗುವ ಕಾರಣ ಕುಂದುತ್ತದೆ, ಮತ್ತು ಅಲ್ಲಿ ಕಲಿತ ಮಗುವು ಮುಂದೆ ಯಾವ ನೀರಿನ ಬಳಿ ನಿಂತರೂ ತನ್ನ ರಕ್ಷಣೆಯನ್ನು ತನ್ನೊಡನೆಯೇ ಕೊಂಡೊಯ್ದಿರುತ್ತದೆ. ನೀರಿಗಾಗಿ ಇಷ್ಟು ತಪಿಸಿದ ನಾಡಿನ ಮಕ್ಕಳಿಗೆ, ದೊರೆತ ನೀರನ್ನು ನಿರ್ಭಯವಾಗಿ ಅನುಭವಿಸುವ ಅಧಿಕಾರವನ್ನು ಕೊಡುವುದು ದಾನವಲ್ಲ. ಅದು ನಾವು ಅವರಿಗೆ ತೀರಿಸಬೇಕಾದ ಸಾಲ.